ಗೇಟಿನ ಬಳಿಯ ಕಲ್ಲು

ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಟ್ಟಿದ್ದೆ. ಹೊರಗೆ ಬುಲೆಟ್ ಬಂದು ನಿಂತ ಸದ್ದು ಕೇಳಿಸಿತು. ವಿಜಯನಗರದ ನಮ್ಮ ಬೀದಿಯ ಮಕ್ಕಳಿಗೂ ಆ ಸದ್ದಿನ ಗುರುತಿದೆ. ಮೊದಲು ಇಂಜಿನ್ ನಿಲ್ಲುತ್ತದೆ, ಆಮೇಲೆ ಸ್ಟ್ಯಾಂಡ್ ಹಾಕಿದ 'ಟಕ್' ಶಬ್ದ, ನಂತರ ಗೇಟಿನ ಚಿಲಕ. ಅಂದು ಇಂಜಿನ್ ನಿಂತಿತು. 'ಟಕ್' ಶಬ್ದ ಬರಲಿಲ್ಲ. ಬಂದದ್ದು ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು.

ಒಲೆ ಆರಿಸಿ ಓಡಿದೆ. ಗಾಡಿ ಎಡಕ್ಕೆ ಮಲಗಿತ್ತು. ಇವರು ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಲೆಗ್ ಗಾರ್ಡ್ ಇದ್ದುದರಿಂದ ಕಾಲು ಗಾಡಿಯಡಿ ಸಿಕ್ಕಿಕೊಂಡಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮೊಣಕೈ ತರಚಿತ್ತು. ನಾನು ಗಾಬರಿಯಿಂದ ಬಗ್ಗಿ ನೋಡುತ್ತಿದ್ದರೆ ಇವರ ಬಾಯಿಂದ ಬಂದ ಮೊದಲ ಮಾತು, "ಯಾರಾದರೂ ನೋಡಿದರಾ?"

ಆದದ್ದಿಷ್ಟೆ. ಹಿಂದಿನ ಸೀಟಿನ ಮೇಲೆ ಒಂದು ಚೀಲ ಕಟ್ಟಿದ್ದರು. ಇಳಿಯುವಾಗ ಬಲಗಾಲನ್ನು ಅದರ ಮೇಲಿಂದ ದಾಟಿಸಬೇಕಿತ್ತು. ಸೊಂಟ ಅಷ್ಟು ಎತ್ತರಕ್ಕೆ ಒಪ್ಪಲಿಲ್ಲ, ಹಿಮ್ಮಡಿ ಚೀಲಕ್ಕೆ ತಗುಲಿತು. ಎಡಗಾಲು ಒಂದೇ ನೆಲದಲ್ಲಿ. ಸ್ಟ್ಯಾಂಡ್ ಪೂರ್ತಿ ತೆರೆದಿರಲಿಲ್ಲ. ಗಾಡಿ ವಾಲಿತು, ಇವರೂ ವಾಲಿದರು.

ಎದುರಿನ ಅಂಗಡಿಯಿಂದ ಇಬ್ಬರು ಹುಡುಗರು ಓಡಿ ಬಂದು ಹ್ಯಾಂಡಲ್ ಹಿಡಿದು ಎಳೆದರು. ಅದು ಕದಲಲಿಲ್ಲ. ಇವರು ಕುಳಿತಲ್ಲಿಂದಲೇ ಹೇಳಿಕೊಟ್ಟರು: "ಮೊದಲು ಪೆಟ್ರೋಲ್ ಕಾಕ್ ಮುಚ್ಚಿ. ಗಾಡಿಗೆ ಬೆನ್ನು ಮಾಡಿ ನಿಲ್ಲಿ. ಮೊಣಕಾಲು ಬಗ್ಗಿಸಿ, ಸೀಟಿಗೆ ಸೊಂಟ ಕೊಟ್ಟು ಹಿಂದಕ್ಕೆ ತಳ್ಳುತ್ತಾ ಬನ್ನಿ. ಕೈಯಲ್ಲಿ ಎತ್ತಬೇಡಿ, ಕಾಲಿನಲ್ಲಿ ಎತ್ತಿ." ಹಾಗೆ ಮಾಡಿದಾಗ ಗಾಡಿ ಎದ್ದು ನಿಂತಿತು. ಬಿದ್ದ ಗಾಡಿಯನ್ನು ಎತ್ತುವ ವಿದ್ಯೆ ಇವರಿಗೆ ಗೊತ್ತಿತ್ತು. ಎತ್ತುವ ಮೊಣಕಾಲು ಮಾತ್ರ ಉಳಿದಿರಲಿಲ್ಲ.

ಇದು 2023ರ ಡಿಸೆಂಬರ್ ಮಾತು. ಆಗ ಇವರಿಗೆ ಅರವತ್ತು ವರ್ಷ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಂಗಳದಲ್ಲಿ ಎರಡು ಗಾಡಿಗಳಿದ್ದವು. ಒಂದು ನನ್ನ ಮಾವನ ಜಾವಾ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳು ತಯಾರಾಗುತ್ತಿದ್ದವು. ಮುಂದೆ ಯೆಜ್ಡಿ ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್, ಅದೂ ಎಡಗಡೆ. ಇನ್ನೊಂದು ಇವರ ಹಳೆಯ ಬುಲೆಟ್. ಅದರಲ್ಲಿ ಎಲ್ಲವೂ ತಿರುಗು ಮುರುಗು, ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಕಿಕ್ ಹೊಡೆಯುವ ಮೊದಲು ಆಂಪಿಯರ್ ಮೀಟರಿನ ಮುಳ್ಳು ಮಧ್ಯಕ್ಕೆ ಬಂದಿದೆಯೇ ಎಂದು ನೋಡಬೇಕು. ತಪ್ಪಿ ಹೊಡೆದರೆ ಕಿಕ್ಕರ್ ತಿರುಗಿ ಕಾಲಿಗೇ ಒದೆಯುತ್ತಿತ್ತು. 2013ರಲ್ಲಿ ಅದನ್ನು ಕೊಟ್ಟು, ಬಟನ್ ಒತ್ತಿದರೆ ಶುರುವಾಗುವ ಕ್ಲಾಸಿಕ್ 350 ತಂದರು.

ಶೋಕಿಗಾಗಿ ಇಟ್ಟ ಗಾಡಿಯಲ್ಲ ಅದು. ಇವರದು ರಾಮನಗರದಲ್ಲಿ ರೇಷ್ಮೆ ರೀಲಿಂಗ್ ವ್ಯವಹಾರ. ಗೂಡು ಮಾರುಕಟ್ಟೆಯ ಹರಾಜಿಗೆ ಬೆಳಿಗ್ಗೆಯೇ ತಲುಪಬೇಕು. ಫಜರ್ ಮುಗಿಸಿ ಹೊರಟರೆ ಕೆಂಗೇರಿ, ಬಿಡದಿ ದಾಟಿ ರಾಮನಗರ. ವರ್ಷಗಟ್ಟಲೆ ಮೈಸೂರು ರಸ್ತೆಯ ಒಂದೊಂದು ಹುಣಸೆಮರವೂ ಇವರಿಗೆ ಪರಿಚಯವಿತ್ತು. ಮಗನ ಶಾಲೆಗೆ ರಜೆ ಬಂದಾಗ ನಮ್ಮನ್ನೂ ಕೂರಿಸಿಕೊಂಡು ಮಡಿಕೇರಿಗೆ, ಚಿಕ್ಕಮಗಳೂರಿಗೆ ಹೋಗುತ್ತಿದ್ದರು. ಗಾಡಿಯ ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಚೀಲ. ಬಡ ಮಧ್ಯಮ ವರ್ಗದ ನಮಗೆ ಅದೇ ಕಾರು, ಅದೇ ಪ್ರವಾಸ.

ಆಗೆಲ್ಲ ಇವರು ಗಾಡಿ ಹತ್ತುವುದನ್ನು ನಾನು ಗಮನಿಸಿದ್ದೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಗಮನಿಸುತ್ತಾರೆಯೇ?

ಬಿದ್ದ ದಿನದಿಂದ ಇವರು ಬುಲೆಟ್ ಮುಟ್ಟಲಿಲ್ಲ. ಒಂದು ದಿನ ಬ್ಯಾಟರಿ ಸರಿಯಿಲ್ಲ ಎಂದರು. ಇನ್ನೊಂದು ದಿನ ಮೋಡವಾಗಿದೆ ಎಂದರು. ವಿಜಯನಗರ ನಿಲ್ದಾಣದಿಂದ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ ಅಲ್ಲಿಂದ ಬಸ್ ಹಿಡಿಯುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಮನೆಯಲ್ಲಿ ಇವರ ಮಾತು ಕಡಿಮೆಯಾಯಿತು. ಊಟ ಮಾಡಿದ ತಕ್ಷಣ ಮಲಗುವುದು, ಯಾರು ಏನು ಕೇಳಿದರೂ "ಹ್ಞೂಂ" ಎನ್ನುವುದು.

ಮಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಅಬ್ಬಾ, ಬುಲೆಟ್ ಮಾರಿಬಿಡೋಣ. ಒಂದು ಸ್ಕೂಟರ್ ತೆಗೆಸಿಕೊಡ್ತೀನಿ. ಕಾಲು ಎತ್ತೋದೇ ಬೇಡ."

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನನಗೆ ಓಡಿಸೋಕೆ ಬರುತ್ತೆ. ಓಡಿಸೋದರಲ್ಲಿ ಏನಾದರೂ ತಪ್ಪಿದ್ದೀನಾ? ಹತ್ತೋಕೆ ಇಳಿಯೋಕೆ ಮಾತ್ರ..." ಎಂದು ಅಲ್ಲಿಗೇ ನಿಲ್ಲಿಸಿ ಎದ್ದು ಹೋದರು.

ನನಗೆ ಮಗನ ಮೇಲೆ ಸಿಟ್ಟು ಬಂತು. ಮಗ ಹೇಳಿದ್ದು ಸುಳ್ಳಲ್ಲವೆಂದು ನನ್ನ ಮೇಲೂ ಸಿಟ್ಟು ಬಂತು.

ಇದಾದ ಒಂದೆರಡು ವಾರದಲ್ಲಿ ನನ್ನ ಮದ್ರಸಾ ತರಗತಿಯಲ್ಲಿ ಹದೀಸ್ ಪಾಠ ನಡೆದಿತ್ತು. ಮನುಷ್ಯನ ಶರೀರದ ಪ್ರತಿಯೊಂದು ಕೀಲಿಗೂ ಪ್ರತಿದಿನ ಒಂದು ದಾನ ಸಲ್ಲಬೇಕೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ ಹದೀಸ್ ಅದು. ಹಝ್ರತ್ ಅಬೂ ಹುರೈರಾ(ರ) ಅವರಿಂದ ಬಂದದ್ದು, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇಬ್ಬರ ನಡುವೆ ನ್ಯಾಯ ಮಾಡುವುದು ದಾನ, ಒಳ್ಳೆಯ ಮಾತು ದಾನ, ದಾರಿಯಿಂದ ತೊಂದರೆ ಸರಿಸುವುದು ದಾನ. ಇವುಗಳ ನಡುವೆ ಇನ್ನೊಂದೂ ಇದೆ. ಒಬ್ಬನಿಗೆ ತನ್ನ ವಾಹನವೇರಲು ನೆರವಾಗುವುದು, ಅಥವಾ ಅವನ ಸಾಮಾನನ್ನು ಅದರ ಮೇಲೆ ಎತ್ತಿಕೊಡುವುದು ಕೂಡ ದಾನ.

ಎಷ್ಟು ವರ್ಷದಿಂದ ಇದನ್ನು ಕಲಿಸುತ್ತಿದ್ದೇನೋ! ಅಂದು ಒಬ್ಬ ಹುಡುಗಿ ಎದ್ದು ಕೇಳಿದಳು, "ಆಪಾ, ಈಗ ಒಂಟೆ ಕುದುರೆ ಎಲ್ಲಿದೆ? ಈ ದಾನ ನಾವು ಹೇಗೆ ಮಾಡೋದು?"

ಬಸ್ಸಿನ ಮೆಟ್ಟಿಲು, ಆಟೋ ಎಂದೆಲ್ಲ ಉತ್ತರ ಕೊಟ್ಟೆ. ಹೇಳುತ್ತಿರುವಾಗಲೇ ಗಂಟಲು ಕಟ್ಟಿತು. ನಮ್ಮ ಅಂಗಳದಲ್ಲಿ ನಿಂತಿದ್ದ ಬುಲೆಟ್ ಕಣ್ಣ ಮುಂದೆ ಬಂತು. ಕೀಲು ನೋವಿನಿಂದ ಗಾಡಿ ಹತ್ತಲಾಗದ ಮನುಷ್ಯನಿಗೆ ನಾವು ಕೊಟ್ಟದ್ದು ಮಾರುವ ಸಲಹೆ. ನನ್ನ ಕೀಲುಗಳ ದಾನ ಎಲ್ಲಿ ಹೋಯಿತು?

ಇನ್ನೊಂದು ಹದೀಸ್ ಕೂಡ ನೆನಪಾಯಿತು. ಹಿಜರಿ 7ರಲ್ಲಿ ಖೈಬರ್‌ನಿಂದ ಮರಳುವಾಗ ಹಝ್ರತ್ ಸಫಿಯ್ಯಾ(ರ) ಒಂಟೆ ಏರಬೇಕಿತ್ತು. ಪ್ರವಾದಿ(ಸ) ಒಂಟೆಯ ಪಕ್ಕದಲ್ಲಿ ಕುಳಿತು ತಮ್ಮ ಮೊಣಕಾಲನ್ನು ಮುಂದಿಟ್ಟರು. ಅವರು ಅದರ ಮೇಲೆ ಪಾದವಿಟ್ಟು ಏರಿದರು. ಇದನ್ನು ಹಝ್ರತ್ ಅನಸ್(ರ) ಕಣ್ಣಾರೆ ಕಂಡು ಹೇಳಿದ್ದಾರೆ. ಸೈನ್ಯವೆಲ್ಲ ಸುತ್ತಲಿದ್ದ ಪ್ರಯಾಣವದು. ಅಲ್ಲಾಹನ ರಸೂಲರಿಗೆ(ಸ) ಮೊಣಕಾಲು ಕೊಡಲು ಸಂಕೋಚವಾಗಲಿಲ್ಲ. ನಮ್ಮ ಮನೆಗಳಲ್ಲಿ ನೆರವು ಕೊಡುವುದಕ್ಕೂ ಸಂಕೋಚ, ಪಡೆಯುವುದಕ್ಕೂ ಸಂಕೋಚ.

ಅಂದು ರಾತ್ರಿ ಇವರೊಡನೆ ಮಾತಾಡಿದೆ. "ನೀವು ಬೀಳಲು ಅರ್ಧ ಕಾರಣ ನಾನೇ ಇರಬಹುದು" ಎಂದೆ. ಇವರಿಗೆ ಅರ್ಥವಾಗಲಿಲ್ಲ. ಆ ದಿನ ನಾನು ಗಾಡಿಯಲ್ಲಿರಲಿಲ್ಲ ನಿಜ. ಆದರೆ ಇಷ್ಟು ವರ್ಷ ಇವರ ಎಡ ಹೆಗಲು ಹಿಡಿದು ಎಳೆದುಕೊಂಡೇ ನಾನು ಗಾಡಿ ಹತ್ತುತ್ತಿದ್ದೆ. ಬುರ್ಖಾ ಸರಿಪಡಿಸಿಕೊಳ್ಳುತ್ತಾ, ಹೇಳದೆ ಕೇಳದೆ ಒಂದು ಕಾಲಿಟ್ಟು ಹಾರಿ ಕೂರುತ್ತಿದ್ದೆ. ನನ್ನ ಭಾರಕ್ಕೆ ಎಡಕ್ಕೆ ವಾಲುವ ಗಾಡಿಯನ್ನು ಪ್ರತಿ ಸಲವೂ ಆ ಎಡ ಮೊಣಕಾಲು ತಡೆದಿದೆ. ಒಂದು ದಿನವೂ ಇವರು ದೂರಲಿಲ್ಲ.

ಇವರು ನಕ್ಕರು. ಬಿದ್ದ ಮೇಲೆ ಅದೇ ಮೊದಲ ನಗು. "ಅದು ನಿನಗೆ ಈಗ ಗೊತ್ತಾಯ್ತಾ?" ಎಂದರು.

ಮರುವಾರ ಇಬ್ಬರೂ ಬಸವೇಶ್ವರನಗರದ ಒಬ್ಬ ಫಿಸಿಯೋಥೆರಪಿ ವೈದ್ಯೆಯ ಬಳಿ ಹೋದೆವು. ಆಕೆ ಇವರನ್ನು ಬೈಯಲಿಲ್ಲ. "ಗಾಡಿ ಬಿಡಿ" ಎಂದೂ ಹೇಳಲಿಲ್ಲ. ಗಾಡಿ ಹತ್ತುವಾಗ ಏನಾಗುತ್ತದೆ ಎಂಬುದನ್ನು ವಿವರಿಸಿದರು. ಸೋದರಿಯರೇ, ನೀವೂ ತಿಳಿದುಕೊಳ್ಳಿ. ಈ ಗಾಡಿಯ ಭಾರ ಸುಮಾರು 190 ಕಿಲೋ, ಅಂದರೆ 25 ಕಿಲೋದ ಅಕ್ಕಿ ಮೂಟೆ ಏಳೂವರೆ. ಸೀಟಿನ ಎತ್ತರ ಸುಮಾರು 80 ಸೆಂಟಿಮೀಟರ್, ನಮ್ಮ ಅಡುಗೆಮನೆಯ ಕಟ್ಟೆಯಷ್ಟು. ಎಡಗಾಲ ಮೇಲೆ ಮಾತ್ರ ನಿಂತು, ಕೈಯಲ್ಲಿ ಏಳೂವರೆ ಮೂಟೆಯನ್ನು ಬೀಳದಂತೆ ಹಿಡಿದು, ಬಲಗಾಲನ್ನು ಅಡುಗೆ ಕಟ್ಟೆಯ ಮೇಲಿಂದ ಆಚೆ ದಾಟಿಸಿದಂತೆ ಅದು. ಹಿಂದೆ ಚೀಲವಿದ್ದರೆ ಕಟ್ಟೆಯ ಮೇಲೆ ಒಂದು ಪಾತ್ರೆಯೂ ಇದ್ದಂತೆ! ಯೌವನದಲ್ಲಿ ಇದು ಆಟ. ವಯಸ್ಸಾದಂತೆ ಸೊಂಟದ ಪಕ್ಕದ ಸ್ನಾಯು ಸೊರಗುತ್ತದೆ, ಕುಳಿತು ಕುಳಿತು ತೊಡೆಸಂದು ಬಿಗಿಯಾಗುತ್ತದೆ, ಒಂದು ಕಾಲಿನ ಮೇಲೆ ನಿಲ್ಲುವ ಸಮತೋಲನ ತಪ್ಪುತ್ತದೆ. ಗಾಡಿ ಓಡಿಸಲು ಇವು ಅಷ್ಟಾಗಿ ಬೇಡ. ಹತ್ತಲು ಇಳಿಯಲು ಮಾತ್ರ ಬೇಕೇ ಬೇಕು.

ಆ ವೈದ್ಯೆ ಇನ್ನೊಂದು ವಿಷಯ ಹೇಳಿದರು. ಬ್ರೆಜಿಲ್ ದೇಶದಲ್ಲಿ 51ರಿಂದ 75 ವರ್ಷದೊಳಗಿನ 1,702 ಮಂದಿಯನ್ನು ಹತ್ತು ಸೆಕೆಂಡು ಒಂದು ಕಾಲಿನ ಮೇಲೆ ನಿಲ್ಲಲು ಹೇಳಿದರಂತೆ. ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಆ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ಇವರನ್ನೂ ಅಲ್ಲೇ ನಿಲ್ಲಿಸಿದರು. ಎಡಗಾಲಿನಲ್ಲಿ ಆರಕ್ಕೆ ಕಾಲು ಕೆಳಗಿಳಿಯಿತು. ನಾನೂ ನಿಂತೆ. ನನ್ನದು ಎಂಟು! ಹದಿನಾಲ್ಕು ವರ್ಷ ಚಿಕ್ಕವಳೆಂಬ ನನ್ನ ಗತ್ತು ಅಲ್ಲಿಗೇ ಮುಗಿಯಿತು.

ಹೇಳಿಕೊಟ್ಟ ವ್ಯಾಯಾಮಗಳು ಸರಳ. ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತುವುದು, ಹತ್ತು ಸಲ. ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ಹತ್ತು ಸಲ. ಕಟ್ಟೆಯ ಪಕ್ಕದಲ್ಲೇ ನಿಂತು ಒಂಟಿ ಕಾಲಿನಲ್ಲಿ ಹತ್ತು ಎಣಿಸುವುದು. ಫಜರ್ ನಂತರ ಇಬ್ಬರೂ ಒಟ್ಟಿಗೆ ಮಾಡತೊಡಗಿದೆವು. ನೋವು ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ಮಾಡಬೇಕು.

ವ್ಯಾಯಾಮ ಫಲ ಕೊಡಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಒಂದು ಸ್ಟೂಲ್ ಇಡೋಣವೇ ಎಂದೆ. ಇವರ ಮುಖ ಗಂಟಾಯಿತು. "ಬೀದಿಯವರು ನಗೋದಿಲ್ವಾ?"

ನಾನೆಂದೆ, "ಚಳಿಗಾಲದಲ್ಲಿ ಮೊಣಕಾಲು ನೋವು ಬಂದಾಗ ಮಸೀದಿಯಲ್ಲಿ ಕುರ್ಚಿಯ ಮೇಲೆ ಕೂತು ನಮಾಝ್ ಮಾಡ್ತೀರಿ. ಯಾರಾದರೂ ನಕ್ಕರಾ? ನಿಂತು ಆಗದಿದ್ದರೆ ಕೂತು, ಕೂತೂ ಆಗದಿದ್ದರೆ ಮಲಗಿ ನಮಾಝ್ ಮಾಡಬಹುದೆಂದು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿಯವರೇ(ಸ) ಹೇಳಲಿಲ್ಲವೇ? ಅಲ್ಲಾಹನ ಮುಂದೆ ಕುರ್ಚಿ ಹಾಕಲು ನಾಚದವರು ಬುಲೆಟ್ ಮುಂದೆ ಯಾಕೆ ನಾಚುತ್ತೀರಿ?"

ಇವರು ಸುಮ್ಮನಾದರು. ಮರುದಿನ ಮಗ ಎಲ್ಲಿಂದಲೋ ಒಂದು ಚಪ್ಪಡಿ ಕಲ್ಲು ತಂದ. ಅರ್ಧ ಅಡಿ ಎತ್ತರ, ಎರಡು ಅಡಿ ಉದ್ದ. ಸ್ಟೂಲಿನಂತೆ ಅಲುಗುವುದಿಲ್ಲ, ನೋಡಿದವರಿಗೆ ಗೇಟಿನ ಮೆಟ್ಟಿಲೆಂದೇ ಅನಿಸುತ್ತದೆ. "ಅಬ್ಬಾ, ಇದು ಸ್ಟೂಲಲ್ಲ" ಎಂದು ಮಾತ್ರ ಹೇಳಿ ಅದನ್ನು ನೆಲಕ್ಕೆ ಸಿಮೆಂಟಿನಿಂದ ಭದ್ರಪಡಿಸಿದ. ಮಾರೋಣ ಎಂದಿದ್ದ ಹುಡುಗ ಕಲ್ಲು ಹೊತ್ತು ತಂದದ್ದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿಯಿತು.

ಹತ್ತುವ ಕ್ರಮವನ್ನು ಹೊಸದಾಗಿ ಕಲಿತೆವು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ, ಮೊದಲ ಗೇರಿನಲ್ಲಿ ನಿಲ್ಲಿಸಬೇಕು. ಆಗ ಮುಂದೆ ಹಿಂದೆ ಉರುಳುವುದಿಲ್ಲ. ಸ್ಟ್ಯಾಂಡ್ ಪೂರ್ತಿ ತೆರೆದಿದೆಯೇ ಎಂದು ಕಣ್ಣಿನಿಂದ ನೋಡಬೇಕು, ಕಾಲಿನ ಅಂದಾಜು ಸಾಲದು. ಎಡಗಾಲು ಕಲ್ಲಿನ ಮೇಲೆ, ಎರಡೂ ಕೈ ಹ್ಯಾಂಡಲ್ ಮೇಲೆ, ಮುಂದಿನ ಬ್ರೇಕ್ ಹಿಡಿದಿರಬೇಕು. ಬಲಗಾಲನ್ನು ನೇರವಾಗಿ ಬೀಸದೆ ಮೊಣಕಾಲು ಮಡಿಸಿ, ಮೈಯನ್ನು ಟ್ಯಾಂಕಿನತ್ತ ಬಗ್ಗಿಸಿ, ಪಾದವನ್ನು ಸೀಟಿನ ಮೇಲೆ ಸರಿಸಿಕೊಂಡು ದಾಟಿಸಬೇಕು. ಅವಸರ ಬೇಡ. ಊರಿಂದಾಚೆ ಹೋದಾಗ ಕಲ್ಲಿನ ಬದಲು ಫುಟ್‌ಪಾತ್ ಇದೆ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಫುಟ್‌ಪಾತಿನ ಅಂಚು ಸರಿಯಾಗಿ ಎಡಕ್ಕೇ ಸಿಗುತ್ತದೆ. ಸೀಟಿನ ಮೇಲಿನ ಚೀಲವಂತೂ ರದ್ದಾಯಿತು. ಭಾರವೆಲ್ಲ ಕೆಳಗೆ, ಬದಿಯ ಪೆಟ್ಟಿಗೆಗಳಿಗೆ.

ನನ್ನ ಪಾಠ ಬೇರೆ ಇತ್ತು. ಇವರು ಕುಳಿತು, ಸ್ಟ್ಯಾಂಡ್ ತೆಗೆದು, ಎರಡೂ ಪಾದ ನೆಲಕ್ಕೂರಿ "ಬಾ" ಎನ್ನುವವರೆಗೆ ನಾನು ಗಾಡಿ ಮುಟ್ಟುವುದಿಲ್ಲ. ಇಳಿಯುವಾಗ ನಾನೇ ಮೊದಲು. ಹೆಗಲು ಎಳೆಯುವುದಿಲ್ಲ, ಹಿಂದಿನ ಹಿಡಿಯನ್ನು ಹಿಡಿಯುತ್ತೇನೆ. ಹಿಂಬದಿ ಸವಾರರಿಗೆ ಹಿಡಿ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ, ಈ ಮೂರೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಎಷ್ಟೋ ಹುಡುಗರು ಅಂದಕ್ಕೆಂದು ಈ ತಡೆಯನ್ನು ಬಿಚ್ಚಿಸುತ್ತಾರೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಅಪಾಯ. ಸೋದರಿಯರೇ, ನಿಮ್ಮ ಮನೆಯ ಗಾಡಿಯಲ್ಲಿ ಅದು ಇದೆಯೇ ಎಂದು ಇಂದೇ ನೋಡಿ. ಇನ್ನು ಎರಡೂ ಕಾಲು ಒಂದೇ ಬದಿಗೆ ಹಾಕಿ ಕುಳಿತರೆ ಭಾರ ಒಂದೇ ಕಡೆ. ಆದ್ದರಿಂದ ದೂರ ಪ್ರಯಾಣದಲ್ಲಿ ಅಗಲ ಸಲ್ವಾರ್, ಅದರ ಮೇಲೆ ಅಗಲ ಘೇರಿನ ಬುರ್ಖಾ ತೊಟ್ಟು ಎರಡೂ ಬದಿಗೆ ಕಾಲು ಹಾಕಿ ಕೂರುತ್ತೇನೆ. ಪರ್ದಾಕ್ಕೆ ಯಾವ ಕೊರತೆಯೂ ಆಗಿಲ್ಲ. ನೆರೆಯವರೊಬ್ಬರು "ಈ ವಯಸ್ಸಿನಲ್ಲಿ ಇದೇನು?" ಎಂದರು. ಈ ವಯಸ್ಸೇ ಕಾರಣ ಎಂದೆ.

ಒಂದು ವರ್ಷದ ನಂತರ, 2025ರ ಜನವರಿಯಲ್ಲಿ, ಇವರು ತಾವಾಗಿಯೇ "ಶ್ರೀರಂಗಪಟ್ಟಣಕ್ಕೆ ಹೋಗಿ ಬರೋಣವಾ?" ಎಂದರು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲೇ ನಿಧಾನವಾಗಿ ಹೋದೆವು. ಹೊರಡುವ ಮೊದಲು ವಾಹನವೇರುವ ದುಆ ಹೇಳಿದೆವು. ಸೂರಾ ಝುಖ್ರುಫ್‌ನ 13 ಮತ್ತು 14ನೇ ಆಯತ್‌ಗಳಲ್ಲಿ ಅದರ ಮೂಲವಿದೆ. ಇದನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ನಮ್ಮ ಸ್ವಂತ ಬಲದಿಂದ ಇದು ಆಗುತ್ತಿರಲಿಲ್ಲ, ಕೊನೆಗೆ ಅವನ ಕಡೆಗೇ ನಮ್ಮ ಮರಳುವಿಕೆ ಎಂಬ ಭಾವದ ಮಾತು. ಸಾವಿರ ಸಲ ಹೇಳಿದ ದುಆ. ಬಲ ಇದ್ದಾಗ ಅದರ ಅರ್ಥ ನಾಲಿಗೆಯಲ್ಲಿತ್ತು, ಅಂದು ಮೊಣಕಾಲಿಗೂ ತಿಳಿಯಿತು.

ಮದ್ದೂರಿನಲ್ಲಿ ಚಹಾಕ್ಕೆ ನಿಂತೆವು. ಅಲ್ಲಿ ಫುಟ್‌ಪಾತ್ ಇರಲಿಲ್ಲ, ನೆಲವೂ ಸ್ವಲ್ಪ ಇಳಿಜಾರು. ಮರಳಿ ಹತ್ತುವಾಗ ಇವರು ಒಂದು ಕ್ಷಣ ತಡವರಿಸಿದರು. ಚಹಾ ಕುಡಿಯುತ್ತಿದ್ದ ಒಬ್ಬ ಯುವಕ ಲೋಟ ಕೆಳಗಿಟ್ಟು ಬಂದು, ಒಂದು ಮಾತೂ ಆಡದೆ ಗಾಡಿಯ ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದ. ಅವನ ಹಣೆಯಲ್ಲಿ ಕುಂಕುಮವಿತ್ತು. ಇವರು ಕುಳಿತ ಮೇಲೆ "ನಿಧಾನ ಹೋಗಿ ಬನ್ನಿ ಸಾರ್" ಎಂದು ತನ್ನ ಚಹಾಕ್ಕೆ ಮರಳಿದ. ನನ್ನ ತರಗತಿಯ ಹುಡುಗಿ ಅಲ್ಲಿರಬೇಕಿತ್ತು ಎನಿಸಿತು. ಆ ದಾನ ಹೇಗಿರುತ್ತದೆಂದು ನಾನು ವಿವರಿಸಬೇಕಾಗಿರಲಿಲ್ಲ.

ಹೈದರಲಿ, ಟಿಪ್ಪು ಸುಲ್ತಾನ್ ಮಲಗಿರುವ ಗುಂಬಜ್‌ನ ಮೆಟ್ಟಿಲುಗಳನ್ನು ಇವರು ಕೈಯೂರದೆ ಹತ್ತಿದರು. ಮೇಲೆ ನಿಂತು ಹೇಳಿದರು, "ನೋಡು, ನಾನು ಇದನ್ನು ಸಾಯೋವರೆಗೂ ಓಡಿಸ್ತೀನಿ ಅಂತ ಹೇಳೋದಿಲ್ಲ. ಅಡುಗೆ ಕಟ್ಟೆ ಹಿಡಿಯದೆ ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ಓಡಿಸ್ತೀನಿ. ಆಗದ ದಿನ ಕೀ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಅಲ್ಲಿವರೆಗೆ ಯಾರೂ ಕೇಳಬಾರದು."

ನಾನು ಒಪ್ಪಿದೆ. ಮಗನೂ ಒಪ್ಪಿದ. ತಿಂಗಳ ಮೊದಲ ಜುಮಾ ದಿನ ಪರೀಕ್ಷೆ. ಹೋದ ತಿಂಗಳು ಹದಿಮೂರು ಎಣಿಸಿದರು. ಒಂದು ದಿನ ಒಂಬತ್ತಕ್ಕೆ ನಿಲ್ಲುತ್ತದೆ, ನನಗೆ ಗೊತ್ತು. ನಿರ್ಬಲತೆಯಿಂದ ಬಲಕ್ಕೆ, ಬಲದಿಂದ ಮತ್ತೆ ನಿರ್ಬಲತೆಗೆ ಮನುಷ್ಯನನ್ನು ಅಲ್ಲಾಹನು ಕೊಂಡೊಯ್ಯುವನೆಂದು ಸೂರಾ ರೂಮ್ ತಿಳಿಸುತ್ತದೆ. ಆ ದಿನ ಬಂದಾಗ ಕೀ ಕಸಿದುಕೊಂಡದ್ದಾಗಬಾರದು, ಕೊಟ್ಟದ್ದಾಗಬೇಕು. ಇವೆರಡರ ನಡುವೆ ಬಹಳ ಅಂತರವಿದೆ.

ನಮ್ಮ ನಿಮ್ಮ ಮನೆಗಳಲ್ಲಿ ಹಿರಿಯರಿದ್ದಾರೆ. ಎಲ್ಲರ ಬಳಿ ಬುಲೆಟ್ ಇಲ್ಲ. ಒಬ್ಬರಿಗೆ ಆಟೋ ಎತ್ತರ, ಒಬ್ಬರಿಗೆ ಬಸ್ಸಿನ ಮೆಟ್ಟಿಲು ಎತ್ತರ, ಇನ್ನೊಬ್ಬರಿಗೆ ಮುಸಲ್ಲಾದಿಂದ ಏಳುವುದೇ ಕಷ್ಟ. "ಇನ್ನು ನಿಮಗೆ ಯಾಕೆ ಇದೆಲ್ಲ?" ಎಂದು ಹೇಳುವುದು ಸುಲಭ. ಹೇಳುವ ಮೊದಲು ಒಂದು ಕಲ್ಲು ಇಟ್ಟು ನೋಡೋಣ, ಒಂದು ಕೈ ಕೊಟ್ಟು ನೋಡೋಣ.

ಆ ಕಲ್ಲು ಈಗ ನಮ್ಮದು ಮಾತ್ರವಾಗಿ ಉಳಿದಿಲ್ಲ. ಪಕ್ಕದ ಮನೆಯ ಅಜ್ಜಿ ಆಸ್ಪತ್ರೆಗೆ ಹೋಗುವಾಗ ಆಟೋದವನಿಗೆ, "ಆ ಸಾಬರ ಮನೆ ಕಲ್ಲಿನ ಹತ್ತಿರ ನಿಲ್ಲಿಸಪ್ಪ" ಎನ್ನುತ್ತಾರೆ. ಅದರ ಮೇಲೆ ಕಾಲಿಟ್ಟು ಆಟೋ ಹತ್ತುತ್ತಾರೆ. ಸದ್ದು ಕೇಳಿದರೆ ಇವರು ಹೊರಗೆ ಹೋಗಿ, ಅಜ್ಜಿ ಕೂರುವವರೆಗೆ ಅವರ ಚೀಲ ಹಿಡಿದು ನಿಂತಿರುತ್ತಾರೆ.